ಯಂತ್ರದ ಮುಂದೆ ಮೊಬೈಲು

ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಗಾರರ ಮೊಬೈಲ್ ಬಳಕೆಯನ್ನು ಸಾಮಾನ್ಯವಾಗಿ ನಿಮಿಷಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಹತ್ತು ಜನ ದಿನಕ್ಕೆ ಅರ್ಧರ್ಧ ಗಂಟೆ ಫೋನು ನೋಡಿದರೆ ಐದು ಗಂಟೆ ಹೋಯಿತು, ಅರ್ಧ ಆಳಿಗಿಂತ ಹೆಚ್ಚಿನ ಸಂಬಳ ಹೋಯಿತು ಎಂಬುದು ಮಾಲೀಕರ ಗಣಿತ. ಗಣಿತ ಸರಿಯೇ, ಆದರೆ ಅದು ನಷ್ಟದ ಸಣ್ಣ ಪಾಲು. ದೊಡ್ಡ ಪಾಲು ಕಡೆಯಬೇಕಾದ ತುಂಡನ್ನು, ಅಂದರೆ ಜಾಬನ್ನು, ಹಿಡಿದು ತಿರುಗಿಸುವ ಚಕ್ಕಿನ ಹತ್ತಿರ ಇದೆ. ನಿಮಿಷಕ್ಕೆ 600 ಸುತ್ತು ತಿರುಗುವ ಲೇತಿನ ಚಕ್ಕು ಸೆಕೆಂಡಿಗೆ 10 ಸುತ್ತು ಹಾಕುತ್ತದೆ. ಸುತ್ತಿಗೆ 0.2 ಮಿ.ಮೀ. ಫೀಡು ಕೊಟ್ಟಿದ್ದರೆ ಟೂಲು ಸೆಕೆಂಡಿಗೆ 2 ಮಿ.ಮೀ. ಮುಂದೆ ಸಾಗುತ್ತದೆ. ಫೋನಿಗೆ ಬಂದ ಸಂದೇಶ ಓದಲು ಐದು ಸೆಕೆಂಡು ಸಾಕು; ಅಷ್ಟರಲ್ಲಿ ಟೂಲು 10 ಮಿ.ಮೀ. ದಾಟಿರುತ್ತದೆ. ನಿಲ್ಲಬೇಕಾದ ಅಂಚು ಅದರೊಳಗೇ ಇದ್ದರೆ ಜಾಬು ಕೆಡುತ್ತದೆ, ಟೂಲು ಮುರಿಯುತ್ತದೆ. ಇನ್ನೂ ಮುಂದೆ ಹೋಗಿ ಚಕ್ಕಿಗೇ ಬಡಿದರೆ ಸ್ಪಿಂಡಲ್ಲಿನ ನಿಖರತೆ ಹೋಗಿ ಯಂತ್ರ ದಿನಗಟ್ಟಲೆ ನಿಲ್ಲಬಹುದು. ಪವರ್ ಪ್ರೆಸ್ಸಿನ ಮುಂದಾದರೆ ಹೋಗುವುದು ಬೆರಳು.

ಈ ಲೆಕ್ಕ ಬೆಂಗಳೂರಿನ ಪಶ್ಚಿಮ ಭಾಗದಷ್ಟು ಮನೆಮನೆಗೆ ತಾಗುವ ಜಾಗ ಕರ್ನಾಟಕದಲ್ಲಿ ಕಡಿಮೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ 1960ರಲ್ಲಿ ಸ್ಥಾಪನೆಯಾದ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕಚೇರಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾಗಿ, ಎಲ್ಲರ ಬಾಯಲ್ಲೂ ಜಿಟಿಟಿಸಿ ಎಂದೇ ಇರುವ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವೂ ಅಲ್ಲೇ ಇದೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಷ್ಟು ಹಳೆಯದು, ಅದರ ಕಚೇರಿ ವಿಜಯನಗರದಲ್ಲಿ. ಬಸವೇಶ್ವರನಗರ ದಾಟಿ ಕಾಮಾಕ್ಷಿಪಾಳ್ಯಕ್ಕೆ, ಅಲ್ಲಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಗೆ ಹೋದರೆ 30×40 ಅಡಿ ಸೈಟಿನಲ್ಲಿ ಕೆಳಗೆ ಲೇತು, ಮೇಲೆ ಸಂಸಾರ ಇರುವ ಕಟ್ಟಡಗಳು ಸಾಲಾಗಿ ಸಿಗುತ್ತವೆ. ಮೈಸೂರು ರಸ್ತೆಯಲ್ಲಿ ಕೆಂಗೇರಿಯಾಚೆ ಕುಂಬಳಗೋಡಿನ ಶೆಡ್ಡುಗಳು, ಅವುಗಳಾಚೆ ಬಿಡದಿಯ ಟೊಯೋಟ. ದೊಡ್ಡ ಕಾರ್ಖಾನೆಗೆ ಬೇಕಾದ ಪಿನ್ನು, ಬುಶ್ಶು, ಬ್ರಾಕೆಟ್ಟುಗಳು ಇಂಥ ಚಿಕ್ಕ ಶೆಡ್ಡುಗಳಲ್ಲೇ ಜಾಬ್ ವರ್ಕಾಗಿ ತಯಾರಾಗುವುದು. ಇಲ್ಲಿ ಐದರಿಂದ ಹದಿನೈದು ಜನ ಕೆಲಸ ಮಾಡುತ್ತಾರೆ. ಸಿಬ್ಬಂದಿ ವಿಭಾಗ, ಗೇಟಿನಲ್ಲಿ ತಪಾಸಣೆ, ಸಹಿ ಹಾಕಿಸಿಕೊಳ್ಳುವ ನಿಯಮ ಪುಸ್ತಕ ಯಾವುದೂ ಇರುವುದಿಲ್ಲ. ಎಷ್ಟೋ ಕಡೆ ಮಾಲೀಕನೇ ಹಿಂದೊಮ್ಮೆ ಟರ್ನರ್ ಆಗಿದ್ದವನು. ಕೆಲಸಗಾರರಲ್ಲಿ ಇಬ್ಬರು ಮೂವರು ಅವನ ಊರಿನವರು, ಒಬ್ಬನು ಭಾವಮೈದ. ಆದ್ದರಿಂದ ದೊಡ್ಡ ಕಾರ್ಖಾನೆಯ ಮೊಬೈಲ್ ನಿಯಮವನ್ನು ಹಾಗೆಯೇ ತಂದು ಇಲ್ಲಿನ ಗೋಡೆಗೆ ಅಂಟಿಸಿದರೆ ಅದು ಒಂದು ವಾರವೂ ನಿಲ್ಲುವುದಿಲ್ಲ.

ಮೊಬೈಲು ಶೆಡ್ಡಿನೊಳಗೆ ಬಂದದ್ದು ಹಂತಹಂತವಾಗಿ. 1995ರಲ್ಲಿ ದೇಶದಲ್ಲಿ ಸೇವೆ ಶುರುವಾದಾಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು, ಫೋನು ಮಾಲೀಕನ ಸೊಂಟದಲ್ಲಷ್ಟೇ ಇತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಕೆಲಸಗಾರರ ಕೈಗೂ ಬಂತು, ಆದರೆ ಅದು ಮಾತಾಡುವ ಯಂತ್ರ ಮಾತ್ರ. ಮಾತು ಮುಗಿದರೆ ಜೇಬಿಗೆ ಹೋಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ಬಿದ್ದ ಮೇಲೆ ಕತೆ ಬದಲಾಯಿತು. ಈಗ ಫೋನೇ ಟೀವಿ, ಪರ್ಸು, ಕ್ಯಾಮೆರಾ, ಕ್ಯಾಲ್ಕುಲೇಟರು, ಊರಿನ ಜಗಲಿ.

ಅದಕ್ಕೂ ಮುಂಚೆ ವರ್ಕ್‌ಶಾಪಿನಲ್ಲಿ ಮನರಂಜನೆ ಇರಲಿಲ್ಲವೆಂದಲ್ಲ. ಟೂಲ್ ಬಾಕ್ಸಿನ ಮೇಲೆ ಎಣ್ಣೆಮಸಿ ಹತ್ತಿದ ರೇಡಿಯೋ, ಅದರಲ್ಲಿ ಆಕಾಶವಾಣಿಯ ಚಿತ್ರಗೀತೆ, ಟೆಸ್ಟ್ ಪಂದ್ಯದ ದಿನ ವೀಕ್ಷಕ ವಿವರಣೆ ಇದ್ದೇ ಇರುತ್ತಿದ್ದವು. ರೇಡಿಯೋಗೆ ಕಿವಿ ಕೊಟ್ಟರೆ ಸಾಕಿತ್ತು. ಕಣ್ಣು ಜಾಬಿನ ಮೇಲೆ, ಕೈ ಹ್ಯಾಂಡಲಿನ ಮೇಲೆ ಇರಬಹುದಿತ್ತು. ಫೋನಿಗೆ ಕಣ್ಣೂ ಬೇಕು, ಬೆರಳೂ ಬೇಕು. ಯಂತ್ರಕ್ಕೂ ಬೇಕಾದದ್ದು ಅವೇ ಎರಡು. ರೇಡಿಯೋವನ್ನು ಒಪ್ಪಿಕೊಂಡಿದ್ದ ಹಳೆಯ ಮಾಲೀಕರು ಫೋನಿನ ವಿಷಯದಲ್ಲಿ ಕಠಿಣರಾಗುವುದಕ್ಕೆ ಈ ವ್ಯತ್ಯಾಸವೇ ಕಾರಣ, ಅದು ನ್ಯಾಯವಾದ ಕಾರಣವೂ ಹೌದು.

ಕರೆ ಎತ್ತದೆ ಇದ್ದರಾಯಿತಲ್ಲ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಏಕಾಗ್ರತೆ ಬೇಡುವ ಕೆಲಸ ಮಾಡುತ್ತಿದ್ದವರ ಫೋನಿಗೆ ಕರೆಯೋ ಸಂದೇಶವೋ ಬಂದಾಗ, ಅವರು ಫೋನನ್ನು ಮುಟ್ಟದಿದ್ದರೂ ತಪ್ಪುಗಳು ಹೆಚ್ಚಿದವು. ಜೇಬಿನಲ್ಲಿ ಅದುರಿದ ಫೋನು ‘ಯಾರಿರಬಹುದು’ ಎಂಬ ಪ್ರಶ್ನೆಯನ್ನು ತಲೆಯಲ್ಲಿ ಬಿಟ್ಟು ಹೋಗುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಬೋರು ಮುಗಿಸುತ್ತಿರುವವನಿಗೆ ಆ ಪ್ರಶ್ನೆಯೂ ಭಾರವೇ. ಸೈಲೆಂಟ್ ಮಾಡಿ ಜೇಬಿನಲ್ಲಿಡಿ ಎಂಬ ಅರ್ಧ ನಿಯಮಕ್ಕಿಂತ ಫೋನು ಯಂತ್ರದಿಂದ ದೂರ ಇರಲಿ ಎಂಬ ಪೂರ್ತಿ ನಿಯಮ ಮೇಲು.

ಇಯರ್‌ಫೋನಿನ ಮಾತು ಬೇರೆ ಹೇಳಬೇಕು, ಏಕೆಂದರೆ ಅದನ್ನು ನಿರಪಾಯವೆಂದು ಬಹಳ ಜನ ತಿಳಿದಿದ್ದಾರೆ. ಪಳಗಿದ ಟರ್ನರ್ ಅರ್ಧ ಕೆಲಸ ಮಾಡುವುದು ಕಿವಿಯಿಂದ. ಟೂಲಿನ ಮೊನೆ ಮೊಂಡಾದರೆ ಕೀರಲು ದನಿ ಬರುತ್ತದೆ. ಜಾಬಿನ ಹಿಡಿತ ಸಡಿಲವಾಗಿದ್ದರೆ ಗರಗರ ಶಬ್ದ. ಬೇರಿಂಗ್ ಸವೆದರೆ ಮತ್ತೊಂದು ಬಗೆ. ಪಕ್ಕದ ಯಂತ್ರದವನು ‘ನಿಲ್ಸು!’ ಎಂದು ಕೂಗಿದ್ದು ಕೇಳಬೇಕಾದದ್ದೂ ಅದೇ ಕಿವಿಗೆ. ವೈರಿನ ಇಯರ್‌ಫೋನಾದರೆ ತಿರುಗುವ ಚಕ್ಕಿಗೆ ಸಿಕ್ಕುವ ಅಪಾಯ ಬೇರೆ. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸುವವರು, ಅದಕ್ಕೆ ಎಣ್ಣೆ ಹಾಕುವವರು ಮೈಗಂಟಿದ ಉಡುಪನ್ನೇ ಹಾಕಿರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿದ್ದರ ಹಿಂದಿನ ಭಯವೇ ಇಲ್ಲಿಯೂ ಇದೆ. ಶಬ್ದದಿಂದ ರಕ್ಷಣೆ ಬೇಕಾದರೆ ಇಯರ್ ಪ್ಲಗ್ ಕೊಡಬೇಕು, ಹಾಡಲ್ಲ.

ಎಲ್ಲ ಯಂತ್ರಕ್ಕೂ ಒಂದೇ ನಿಯಮ ಸಾಲದು. ಕೈಲೇತು, ಮಿಲ್ಲಿಂಗ್, ಸಾಣೆ, ವೆಲ್ಡಿಂಗ್ ಇವುಗಳಲ್ಲಿ ಬಿಡುವೇ ಇಲ್ಲ. ಅಲ್ಲಿ ಫೋನು ಬೇಡ ಎಂದರೆ ಯಾರೂ ವಾದಿಸುವುದಿಲ್ಲ. ಪ್ರೆಸ್ಸಿನಲ್ಲಿ ವಾದಕ್ಕೆ ಜಾಗವೇ ಇಲ್ಲ. ಜಗಳ ಹುಟ್ಟುವುದು ಸಿಎನ್‌ಸಿ ಯಂತ್ರದ ಮುಂದೆ. ಒಂದು ಜಾಬಿನ ಸೈಕಲ್ ಟೈಮ್ ಮೂರು ನಿಮಿಷ ಎಂದುಕೊಂಡರೆ, ಕಚ್ಚಾ ತುಂಡನ್ನು ಹಾಕಿ ಆದದ್ದನ್ನು ತೆಗೆಯಲು ಇನ್ನರ್ಧ ನಿಮಿಷ. ಬಾಗಿಲು ಮುಚ್ಚಿ ಹಸಿರು ಗುಂಡಿ ಒತ್ತಿದ ಮೇಲೆ ಮೂರು ನಿಮಿಷ ಯಂತ್ರ ತಾನೇ ಕೆಲಸ ಮಾಡುತ್ತದೆ, ಆಪರೇಟರ್ ನಿಂತಿರುತ್ತಾನೆ. ಪಾಳಿಗೆ ನೂರಕ್ಕೂ ಹೆಚ್ಚು ಸಲ ಬರುವ ಈ ಮೂರು ನಿಮಿಷವನ್ನು ಖಾಲಿ ಬಿಟ್ಟು, ಅದರಲ್ಲಿ ಫೋನು ಮುಟ್ಟಬೇಡ ಎನ್ನುವುದು ಮನುಷ್ಯಸ್ವಭಾವದ ಮೇಲೆ ಹೊರಿಸುವ ದೊಡ್ಡ ಭಾರ. ಇಪ್ಪತ್ತೆರಡರ ಹುಡುಗ ಗೋಡೆ ನೋಡುತ್ತಾ ಎಂಟು ಗಂಟೆ ನಿಲ್ಲಲಾರ.

ಇದಕ್ಕೆ ನಿಷೇಧದಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದ ಅರ್ಧ ಇರುವುದು ಕೆಲಸದ ಜೋಡಣೆಯಲ್ಲಿ. ಒಳಗೆ ಒಂದು ಜಾಬು ನಡೆಯುತ್ತಿರುವಾಗ ಹೊರಬಂದದ್ದರ ಅಂಚಿನ ಬರ್ ತೆಗೆಯುವುದು, ಇಷ್ಟಕ್ಕೊಂದು ತುಂಡನ್ನು ಗೇಜಿನಲ್ಲೋ ಮೈಕ್ರೋಮೀಟರಿನಲ್ಲೋ ನೋಡಿ ಹಾಳೆಯಲ್ಲಿ ಬರೆಯುವುದು, ಎಣ್ಣೆ ಒರೆಸಿ ಟ್ರೇಗೆ ಜೋಡಿಸುವುದು, ಹೀಗೆ ಆ ಸಮಯಕ್ಕೆ ತಕ್ಕ ಕೆಲಸ ಯಂತ್ರದ ಪಕ್ಕದಲ್ಲೇ ಇದ್ದರೆ ಫೋನಿನ ಸೆಳೆತ ತಾನಾಗಿ ತಗ್ಗುತ್ತದೆ. ಮುಖ್ಯವಾಗಿ, ಕೆಟ್ಟ ಮಾಲು ಬೇಗ ಸಿಕ್ಕಿಬೀಳುತ್ತದೆ. ಟೂಲು ಸವೆದು ಅಳತೆ ಜಾರಿದ್ದು ಐದನೆಯ ತುಂಡಿನಲ್ಲಿ ಗೊತ್ತಾಗುವುದಕ್ಕೂ ಐವತ್ತನೆಯದರಲ್ಲಿ ಗೊತ್ತಾಗುವುದಕ್ಕೂ ನಡುವೆ ಸಣ್ಣ ವರ್ಕ್‌ಶಾಪಿನ ತಿಂಗಳ ಲಾಭ ಇರುತ್ತದೆ. ಆದರೆ ಮೂರು ನಿಮಿಷವನ್ನೂ ಕಿತ್ತುಕೊಂಡು ಒಂದು ಉಸಿರೂ ಬಿಡದ ಹಾಗೆ ತುಂಬುವುದು ತಪ್ಪು. ಯಂತ್ರದ ಬಳಿ ಒಂದು ಸ್ಟೂಲು ಇರಲಿ, ಕೂರಲಿ. ಕೂತವನನ್ನು ಸೋಮಾರಿ ಎನ್ನುವ ಹಳೆಯ ಅಭ್ಯಾಸವೇ ಎಷ್ಟೋ ಕೈಗಳನ್ನು ಫೋನಿನ ಕಡೆಗೆ ತಳ್ಳಿದೆ.

ಇಷ್ಟು ಹೇಳಿದ ಮೇಲೂ ಕೆಲಸಗಾರ ಫೋನನ್ನು ಬಿಡಲಾರ ಎಂದರೆ ಅವನು ಏನನ್ನು ಕಾಯುತ್ತಿದ್ದಾನೆ ಎಂದು ಕೇಳಬೇಕು. ಈ ಭಾಗದ ಶೆಡ್ಡುಗಳಲ್ಲಿ ಮಾಗಡಿ, ಕುಣಿಗಲ್ಲು, ಮಂಡ್ಯದ ಕಡೆಯವರಿದ್ದಾರೆ, ಕಲಬುರಗಿ, ರಾಯಚೂರಿನವರಿದ್ದಾರೆ, ಬಿಹಾರ, ಒಡಿಶಾದವರಿದ್ದಾರೆ. ಅವರ ತಾಯಿಗೆ ಹುಷಾರಿಲ್ಲದಿದ್ದರೆ, ಹೆಂಡತಿಗೆ ದಿನ ತುಂಬಿದ್ದರೆ, ಊರಿನ ಜಮೀನಿನಲ್ಲಿ ತಕರಾರಾದರೆ ಸುದ್ದಿ ಬರುವ ದಾರಿ ಆ ಫೋನೊಂದೇ. ಅಸೆಂಬ್ಲಿ, ಪ್ಯಾಕಿಂಗಿನಲ್ಲಿ ಕೂತ ಹೆಂಗಸರಿಗೆ ಮಗುವಿನ ಶಾಲೆಯಿಂದ ಕರೆ ಬರಬಹುದು. ರೀಲ್ಸ್ ನೋಡುವವನೂ ಇದ್ದಾನೆ, ಆರ್‌ಸಿಬಿ ಪಂದ್ಯದ ಸಂಜೆ ಎರಡನೇ ಪಾಳಿ ಪೂರ್ತಿ ಸ್ಕೋರಿನ ಮೇಲೆಯೇ ಇರುತ್ತದೆ, ನಿಜ. ಆದರೆ ಫೋನನ್ನು ಕೈಬಿಡಲು ಎಲ್ಲರಿಗಿಂತ ಹೆಚ್ಚು ಹೆದರುವವನು ಮನೆಯ ಸುದ್ದಿಗೆ ಕಾದಿರುವವನು. ಅವನ ಹೆದರಿಕೆಗೆ ಉತ್ತರ ಕೊಡದೆ ಮಾಡಿದ ನಿಯಮವನ್ನು ಅವನು ಮುರಿಯುತ್ತಾನೆ. ಅವನು ಮುರಿದದ್ದನ್ನು ನೋಡಿ, ಸುಮ್ಮನೆ ಆಟಕ್ಕೆ ನೋಡುವವನೂ ಮುರಿಯುತ್ತಾನೆ.

ಉತ್ತರ ಹಳೆಯದೇ. ಲ್ಯಾಂಡ್‌ಲೈನ್ ಕಾಲದಲ್ಲಿ ಮನೆಯವರು ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಮಾಡುತ್ತಿದ್ದರು, ಯಾರಾದರೂ ಹೋಗಿ ಕರೆಯುತ್ತಿದ್ದರು. ಈಗಲೂ ವರ್ಕ್‌ಶಾಪಿಗೆ ಒಂದು ನಂಬರು ಬೇಕು: ಮಾಲೀಕನ ಸ್ವಂತ ನಂಬರಲ್ಲ, ಕೆಲಸದ ಹೊತ್ತಿನಲ್ಲಿ ಯಾವಾಗಲೂ ಎತ್ತುವ, ಶೆಡ್ಡಿನಲ್ಲೇ ಇರುವ ನಂಬರು. ಅದನ್ನು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಮನೆಗೂ, ಮಕ್ಕಳ ಶಾಲೆಗೂ ಕೊಡಿಸಬೇಕು. ಕರೆ ಬಂದರೆ ಹೋಗಿ ಯಂತ್ರ ನಿಲ್ಲಿಸಿ ತಿಳಿಸುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು ಎಂದು ಮೊದಲೇ ಗೊತ್ತಾಗಿರಬೇಕು. ‘ನಿಮ್ಮ ಮನೆಯಿಂದ ಫೋನ್ ಬಂದಿದೆ’ ಎಂಬ ಮಾತು ಎರಡು ನಿಮಿಷದೊಳಗೆ ಆ ಮನುಷ್ಯನಿಗೆ ಮುಟ್ಟಬೇಕು. ಒಂದೇ ಒಂದು ಸಲ ಇದು ತಪ್ಪಿ, ಸಂಜೆ ಐದಕ್ಕೆ ‘ಮಧ್ಯಾಹ್ನ ಯಾರೋ ಮಾಡಿದ್ದರು’ ಎಂದರೆ ಮೊಬೈಲ್ ನಿಯಮ ಅಂದೇ ಸತ್ತುಹೋಯಿತು. ಮತ್ತೆ ಎಷ್ಟು ಬೋರ್ಡು ಹಾಕಿದರೂ ಏಳುವುದಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಇರುವ ದಿನಗಳಲ್ಲಿ ಆ ಕೆಲಸಗಾರನ ಫೋನನ್ನೇ ಸೂಪರ್‌ವೈಸರ್ ಮೇಜಿನ ಮೇಲೆ ಇಟ್ಟು ಕಾಯುವುದು ಇನ್ನೂ ಒಳ್ಳೆಯದು.

ಮನೆಯ ಸುದ್ದಿಯ ಹೆದರಿಕೆ ಮೊದಲ ಅಡ್ಡಿಯಾದರೆ, ಎರಡನೆಯ ಅಡ್ಡಿ ಮಾಲೀಕನೇ. ಫೋನು ನೋಡಬೇಡಿ ಎನ್ನುವ ಮಾಲೀಕ ಗ್ರಾಹಕರ ಆಫೀಸಿನಿಂದ ಆಪರೇಟರಿಗೆ ಕರೆ ಮಾಡಿ ‘ಆ ಐವತ್ತು ಪೀಸು ಆಯ್ತಾ?’ ಎಂದು ಕೇಳುತ್ತಾನೆ. ಎತ್ತದಿದ್ದರೆ ಬಂದು ಬೈಯುತ್ತಾನೆ. ತಿದ್ದಿದ ಡ್ರಾಯಿಂಗನ್ನು ವಾಟ್ಸಾಪಿನಲ್ಲಿ ಆಪರೇಟರಿಗೇ ಕಳಿಸುತ್ತಾನೆ. ಮೊದಲ ತುಂಡಿನ ಫೋಟೋ, ವರ್ನಿಯರ್ ರೀಡಿಂಗಿನ ಫೋಟೋ ಎಲ್ಲವೂ ಕೆಲಸಗಾರನ ಸ್ವಂತ ಫೋನಿನಿಂದಲೇ ಹೋಗಬೇಕು. ಹೀಗಿದ್ದಾಗ ಫೋನು ಕೆಲಸದ ಸಾಮಾನಾಗಿಬಿಡುತ್ತದೆ. ಯಾವ ಗಳಿಗೆಯಲ್ಲಿ ಅದು ಕೆಲಸ, ಯಾವ ಗಳಿಗೆಯಲ್ಲಿ ಆಟ ಎಂದು ಯಾರೂ ಗೆರೆ ಎಳೆಯಲಾರರು. ಸಂಗತಿ ಶಿಸ್ತಿಗೆ ಮುಗಿಯುವುದಿಲ್ಲ, ಗುಣಮಟ್ಟಕ್ಕೂ ತಾಗುತ್ತದೆ. ಅಂಗೈ ಅಗಲದ ತೆರೆಯಲ್ಲಿ ಡ್ರಾಯಿಂಗನ್ನು ಹಿಗ್ಗಿಸಿ ನೋಡಿದಾಗ 0.05 ಎಂಬುದು 0.5 ಆಗಿ ಕಾಣಬಹುದು. ಹಳೆಯ ಸಂದೇಶದಲ್ಲಿರುವ ಹಳೆಯ ಡ್ರಾಯಿಂಗೇ ಮತ್ತೆ ತೆರೆದುಕೊಳ್ಳಬಹುದು. ಜಿಟಿಟಿಸಿಯಲ್ಲೋ ಐಟಿಐಯಲ್ಲೋ ಕಲಿತು ಬಂದವರಿಗೆ ಹಾಳೆಯ ಮೇಲಿನ ಡ್ರಾಯಿಂಗ್ ಓದುವ ಅಭ್ಯಾಸ ಮಾಡಿಸಿಯೇ ಕಳಿಸಿರುತ್ತಾರೆ. ಅದನ್ನೇ ಮುಂದುವರಿಸಬೇಕು. ಪರಿಷ್ಕರಣೆಯ ಸಂಖ್ಯೆ ಇರುವ ಪ್ರಿಂಟು ಯಂತ್ರದ ಬಳಿ ತೂಗಾಡಲಿ, ಹೊಸದು ಬಂದಾಗ ಹಳೆಯದನ್ನು ಹರಿದು ಹಾಕಲಿ. ಫೋಟೋ, ಲೆಕ್ಕ, ಯೂಟ್ಯೂಬಿನಲ್ಲಿ ಥ್ರೆಡ್ಡಿಂಗಿನ ಪಾಠ ನೋಡುವುದು ಇವೆಲ್ಲಕ್ಕೆ ಇನ್‌ಸ್ಪೆಕ್ಷನ್ ಮೇಜಿನ ಮೇಲೆ ವರ್ಕ್‌ಶಾಪಿನದೇ ಒಂದು ಟ್ಯಾಬ್ ಇರಲಿ. ಮಾಲೀಕ ತನ್ನ ಪ್ರಶ್ನೆಗಳನ್ನು ಸೂಪರ್‌ವೈಸರಿಗೆ ಕೇಳಲಿ. ಜಿಎಸ್‌ಟಿ ಒಟಿಪಿ, ಇ-ವೇ ಬಿಲ್ಲು, ಗ್ರಾಹಕರ ಕರೆ ಎಂದು ಅವನ ಫೋನು ದಿನವಿಡೀ ಮೊಳಗುವುದು ತಪ್ಪುವುದಿಲ್ಲ. ಆ ಮಾತುಗಳನ್ನು ಯಂತ್ರಗಳ ನಡುವೆ ಓಡಾಡುತ್ತ ಆಡದೆ ಹೊರಗೆ ಹೋಗಿ ಆಡಿದರೆ, ಬಾಯಿಬಿಟ್ಟು ಹೇಳಿದ ನಿಯಮಕ್ಕಿಂತ ಅದು ಬೇಗ ಹರಡುತ್ತದೆ.

ಈ ಎರಡೂ ಆದ ಮೇಲೆ ಫೋನಿಡುವ ಜಾಗ. ಬಾಗಿಲ ಬಳಿ, ಎಲ್ಲರ ಕಣ್ಣಿಗೂ ಬೀಳುವಂತೆ, ನಂಬರು ಹಾಕಿದ ಗೂಡುಗಳ ಒಂದು ಮರದ ಕಪಾಟು, ಪ್ರತಿ ಗೂಡಿಗೂ ಚಾರ್ಜಿಂಗ್ ಪಾಯಿಂಟು. ಫೋನಿನ ಬೆಲೆ ಎಷ್ಟೋ ಜನರ ಒಂದು ತಿಂಗಳ ಸಂಬಳಕ್ಕೆ ಸಮ. ಅದರೊಳಗೆ ಬ್ಯಾಂಕೂ ಇದೆ. ಬೀಗವಿಲ್ಲದ ಡಬ್ಬಿಯಲ್ಲಿ ಗುಡ್ಡೆ ಹಾಕಿ ಎಂದರೆ ಯಾರೂ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಲೋಹದ ಪುಡಿ, ಕೂಲೆಂಟು ತಾಗದೆ ಫೋನು ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನೂ ಹೇಳಿದರೆ ಒಪ್ಪಿಗೆ ಸುಲಭ. ಬೆಳಿಗ್ಗೆ ಹತ್ತೂವರೆಗೆ ಕಾಂಡಿಮೆಂಟ್ಸಿನಿಂದ ಟೀ ಬಂದಾಗ, ಮಧ್ಯಾಹ್ನದ ಊಟಕ್ಕೆ, ಮೂರೂವರೆಯ ಟೀಗೆ ಫೋನು ತೆಗೆದುಕೊಳ್ಳಬಹುದು. ನಡುವೆ ಐದೈದು ನಿಮಿಷದ ಎರಡು ಬಿಡುವು ಸೇರಿಸಿದರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಯಾರೂ ಫೋನಿನಿಂದ ದೂರ ಇರಬೇಕಾಗುವುದಿಲ್ಲ. ದಿನಕ್ಕೆ ಈ ಹತ್ತು ನಿಮಿಷ ಬಿಟ್ಟುಕೊಡಲು ಹಿಂಜರಿಯುವ ಮಾಲೀಕರು, ಶೌಚಾಲಯದಲ್ಲಿ ಕದ್ದು ಕಳೆಯುವ ನಿಮಿಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ನಿಯಮವನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆಯಬೇಕು. ಹಿಂದಿ ಬಲ್ಲವರಿದ್ದರೆ ಹಿಂದಿಯಲ್ಲೂ. ಗಟ್ಟಿಯಾಗಿ ಓದಿ ಹೇಳಬೇಕು, ಸಹಿ ಪಡೆಯಬೇಕು. ಬರೆದಿಡುವುದಕ್ಕೆ ಕಾನೂನಿನ ಕಾರಣವೂ ಇದೆ. ಅಪಘಾತವಾದಾಗ, ಸುರಕ್ಷತೆಗಾಗಿ ಸ್ಪಷ್ಟವಾಗಿ ಮಾಡಿದ್ದ ನಿಯಮವನ್ನು ಕಾರ್ಮಿಕ ಬೇಕೆಂದೇ ಮೀರಿದ್ದನೇ ಎಂಬ ಪ್ರಶ್ನೆ 1923ರ ನಷ್ಟಪರಿಹಾರ ಕಾಯ್ದೆಯ ಕಾಲದಿಂದಲೂ ಏಳುತ್ತದೆ. ಆದರೆ ಮಾಲೀಕರು ಇದನ್ನು ಗುರಾಣಿ ಎಂದುಕೊಳ್ಳಬಾರದು: ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ವಾದ ನಿಲ್ಲುವುದಿಲ್ಲ, ಪರಿಹಾರ ಕೊಡಲೇಬೇಕು. ನಿಯಮ ಬರೆಯುವುದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬೆರಳು ಕಟ್ಟಿಕೊಂಡು ಓಡುವುದನ್ನು ತಪ್ಪಿಸಲಿಕ್ಕೆ.

ದಂಡದ ವಿಷಯದಲ್ಲಿ ಈ ಭಾಗದ ಶೆಡ್ಡುಗಳಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಫೋನು ಮುಟ್ಟಿದರೆ 500 ರೂಪಾಯಿ ಕಟ್’ ಎಂದು ಬೋರ್ಡು ಹಾಕಿಬಿಡುತ್ತಾರೆ. ಸಂಬಳದಿಂದ ದಂಡ ಹಿಡಿಯುವುದಕ್ಕೆ 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಕಟ್ಟುಪಾಡುಗಳಿವೆ. ಯಾವ ತಪ್ಪಿಗೆ ದಂಡ ಎಂಬುದಕ್ಕೆ ಸರ್ಕಾರದ ಪೂರ್ವಾನುಮತಿ ಪಡೆದು ನೋಟಿಸು ಹಾಕಿರಬೇಕು; ಕಾರ್ಮಿಕನಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟಿರಬೇಕು; ಒಂದು ವೇತನ ಅವಧಿಯ ಒಟ್ಟು ದಂಡ ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ. 18,000 ರೂಪಾಯಿ ತಿಂಗಳ ವೇತನಕ್ಕೆ ಅದು 540 ರೂಪಾಯಿ. ಹಿಡಿದ ಹಣ ಮಾಲೀಕನದಲ್ಲ, ಕಾರ್ಮಿಕರ ಹಿತಕ್ಕೇ ಖರ್ಚಾಗಬೇಕು. ಫೋನನ್ನು ಕಿತ್ತು ವಾರಗಟ್ಟಲೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಅದು ಅವನ ಸ್ವತ್ತು. ಸಿಗ್ನಲ್ ತಡೆಯುವ ಜಾಮರ್ ಹಾಕಿಸೋಣವೇ ಎಂದು ಕೇಳುವವರಿದ್ದಾರೆ. ಖಾಸಗಿಯವರು ಅನುಮತಿಯಿಲ್ಲದೆ ಜಾಮರ್ ಇಡುವುದು ಕಾನೂನುಬಾಹಿರ. ಅಪಾಯದ ಹೊತ್ತಿನ ಕರೆಯನ್ನೂ ಅದು ತಡೆಯುತ್ತದೆ.

ದಂಡವಿಲ್ಲದೆ ನಡೆಸುವುದು ಹೇಗೆಂದರೆ, ಮಾತಿನಿಂದ. ಮೊದಲ ಸಲ ಕಂಡಾಗ ಯಂತ್ರ ನಿಲ್ಲಿಸಲು ಹೇಳಿ ಕಪಾಟಿನ ಕಡೆ ಕೈ ತೋರಿಸುವುದು. ಮತ್ತೆ ಕಂಡರೆ ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ಕಾರಣ ಕೇಳುವುದು. ಹತ್ತು ಜನರ ಮುಂದೆ ಅಲ್ಲ. ಅದಾದ ಮೇಲೆ ಬರಹದಲ್ಲಿ ಎಚ್ಚರಿಕೆ. ಇಪ್ಪತ್ತು ವರ್ಷ ಅನುಭವದ ಟರ್ನರಿಗೆ, ಹುಡುಗರೆಲ್ಲ ‘ಅಣ್ಣ’ ಎನ್ನುವವರಿಗೆ, ಮಾಲೀಕ ಏಕವಚನದಲ್ಲಿ ಗದರಿದರೆ ಅವರು ಸೋಮವಾರ ಎದುರು ರಸ್ತೆಯ ಶೆಡ್ಡಿನಲ್ಲಿರುತ್ತಾರೆ. ಕೈಕೆಲಸ ಬಲ್ಲವರಿಗೆ ಕಾಮಾಕ್ಷಿಪಾಳ್ಯದಲ್ಲಿ ಕೆಲಸಕ್ಕೆ ಬರವಿಲ್ಲ. ಅಂಥವರನ್ನು ಮೊದಲು ಕೂರಿಸಿಕೊಂಡು ‘ನೀವೇ ಹೇಳಿ, ಹೇಗೆ ಮಾಡೋಣ’ ಎಂದು ಕೇಳಿ ನಿಯಮ ಮಾಡಿದರೆ ಹುಡುಗರನ್ನು ತಿದ್ದುವ ಕೆಲಸ ಅವರೇ ವಹಿಸಿಕೊಳ್ಳುತ್ತಾರೆ. ಪ್ರೆಸ್ಸಿನ ವಿಷಯದಲ್ಲಿ ಮಾತ್ರ ಈ ಮೆಟ್ಟಿಲುಗಳಿಲ್ಲ: ಅಲ್ಲಿ ಫೋನು ಕೈಯಲ್ಲಿ ಕಂಡ ದಿನ ಆ ವ್ಯಕ್ತಿಯನ್ನು ಬೇರೆ ಕೆಲಸಕ್ಕೆ ಹಾಕಬೇಕು.

ಕ್ಯಾಮೆರಾದ ಬಗ್ಗೆ ಒಂದು ಮಾತು ಸಾಕು. ರಕ್ಷಣೆ, ವಿಮಾನದ ಬಿಡಿಭಾಗ ಮಾಡುವಲ್ಲಿ ಗ್ರಾಹಕರ ಡ್ರಾಯಿಂಗು ಗ್ರಾಹಕರ ಸ್ವತ್ತು. ಸ್ಟೇಟಸ್ಸಿಗೆ ಹಾಕಿದ ಒಂದು ಸೆಲ್ಫಿಯ ಹಿನ್ನೆಲೆಯಲ್ಲಿ ಅದು ಕಂಡರೆ ಆರ್ಡರೇ ಹೋಗಬಹುದು. ಇದನ್ನು ಆಪರೇಟರಿಗೆ ಬಿಡಿಸಿ ಹೇಳಿದವರು ಕಡಿಮೆ. ಹೇಳಿದರೆ ಪಾಲಿಸದವರೂ ಕಡಿಮೆ. ಇನ್ನು ಶೆಡ್ಡಿನ ಹೊರಗೆ, ಮಾಲು ತಲುಪಿಸುವ ಟೆಂಪೋ ಚಾಲಕನಿಗೆ ಫೋನು ಬೇಕೇ ಬೇಕು, ಆದರೆ ಗಾಡಿ ನಿಲ್ಲಿಸಿ ಮಾತಾಡಬೇಕು. ಓಡಿಸುವಾಗ ಅವನಿಗೆ ಆಫೀಸಿನಿಂದ ಕರೆ ಮಾಡದಿರುವುದು ಆಫೀಸಿನ ಜವಾಬ್ದಾರಿ.

ನಿಯಮ ತಲೆಕೆಳಗಾಗಬೇಕಾದ ಒಂದು ಸಂದರ್ಭವಿದೆ. ಆರ್ಡರ್ ಅವಸರದಲ್ಲಿದ್ದಾಗ ಎರಡನೇ ಪಾಳಿಯಲ್ಲಿ, ಕೆಲವೊಮ್ಮೆ ರಾತ್ರಿ, ಶೆಡ್ಡಿನಲ್ಲಿ ಒಬ್ಬನೇ ಉಳಿಯುತ್ತಾನೆ. ಹಾಗೆ ಒಬ್ಬನನ್ನೇ ಬಿಡದಿರುವುದೇ ಸರಿ. ಬಿಡಲೇಬೇಕಾಗಿ ಬಂದರೆ ಆ ಒಬ್ಬನ ಫೋನು ಕಪಾಟಿನಲ್ಲಿರಬಾರದು, ಅವನ ಮೈಮೇಲೆ, ಬಟನ್ ಹಾಕಿದ ಜೇಬಿನಲ್ಲಿರಬೇಕು. ಡೇಟಾ ಆರಿಸಿ, ಕರೆಗೆ ಮಾತ್ರ ತೆರೆದಿರಬೇಕು. ಗೊತ್ತಾದ ಹೊತ್ತಿಗೆ, ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ, ಅವನು ಮಾಲೀಕನಿಗೆ ಒಂದು ಕರೆ ಮಾಡಬೇಕು. ಬರದಿದ್ದರೆ ಮಾಲೀಕ ಮಹಡಿ ಇಳಿದು ಬರಬೇಕು ಅಥವಾ ಹತ್ತಿರ ಇರುವವರನ್ನು ಕಳಿಸಬೇಕು. ಗೋಡೆಯ ಮೇಲೆ 108 ಮತ್ತು 112ರ ಜೊತೆಗೆ ಶೆಡ್ಡಿನ ಪೂರ್ತಿ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದಿಡಬೇಕು: ಎಷ್ಟನೇ ಕ್ರಾಸು, ಯಾವ ಮೇನು, ಪಕ್ಕದಲ್ಲಿ ಯಾವ ದೇವಸ್ಥಾನ ಅಥವಾ ಶಾಲೆ ಎಂಬುದು ಸಮೇತ. ಒಡಿಶಾದಿಂದ ಬಂದು ಮೂರು ತಿಂಗಳಾದ ಹುಡುಗನಿಗೆ ಆ ಗಳಿಗೆಯಲ್ಲಿ ವಿಳಾಸ ನೆನಪಾಗುವುದಿಲ್ಲ. ಆಂಬುಲೆನ್ಸಿನವರು ಮೊದಲು ಕೇಳುವುದು ಅದನ್ನೇ.